ಚೆಲ್ಲದೆ ಉಳಿದ ನೀರು

ತಂಬಿಗೆಯ ನೀರು ನೆಲಕ್ಕೆ ಬೀಳಲಿಲ್ಲ. ಒಬ್ಬ ಗಂಡಸಿನ ಮುಖಕ್ಕೆ ಬಿತ್ತು.

ಸೆಹೆರ್ ಖಾಲಿ ತಂಬಿಗೆ ಹಿಡಿದು ಕಲ್ಲಿನಂತೆ ನಿಂತುಬಿಟ್ಟಳು. ಹೊರಟವರು ನೀರಿನಂತೆ ಸಲೀಸಾಗಿ ಹೋಗಿ ಹಾಗೆಯೇ ಮರಳಿ ಬರಲಿ ಅಂತ ನಾವೆಲ್ಲ ಬೆನ್ನ ಹಿಂದೆ ನೀರು ಚೆಲ್ಲುತ್ತೇವಲ್ಲ, ಅವಳು ಮಾಡಿದ್ದೂ ಅಷ್ಟೇ. ಪ್ರವಾಸಿ ಬಸ್ಸಿನ ಗೈಡು ಮರೆತ ಟೋಪಿಗಾಗಿ ವಾಪಸ್ ಓಡಿ ಬರುತ್ತಾನೆ ಅಂತ ಅವಳಿಗೇನು ಕನಸು ಬಿದ್ದಿತ್ತೇ?

"ಅಯ್ಯೋ... ನೋಡಲಿಲ್ಲ, ಕ್ಷಮಿಸಿ."

ಅವನು ರೆಪ್ಪೆಯ ಮೇಲಿನ ನೀರು ಒರೆಸಿಕೊಂಡ. "ಎಲ್ಲರಿಗೂ ದಾರಿಗೆ ಚೆಲ್ತೀರಿ. ನನಗೆ ಮೈಮೇಲೇ ಸುರಿದಿದ್ದೀರಿ. ಇನ್ನು ನಾನು ಬರದೇ ಇರೋಕಾಗುತ್ತಾ?"

ಅವಳ ಕೆನ್ನೆ ಬಿಸಿಯಾಯಿತು. ಅವನ ಹೆಸರು ಕೆನಾನ್ ಎಂದು ತಿಳಿದದ್ದು ಮುಂದಿನ ವಾರ, ಅವನು ಇನ್ನೊಂದು ಗುಂಪು ಕಟ್ಟಿಕೊಂಡು ಬಂದಾಗ.

ನಮ್ಮ ಸರೋವರದ ಊರು ಎಯಿರ್ದಿರ್‌ಗೆ ಅಂತಲೇ ಯಾರೂ ಬರುವುದಿಲ್ಲ, ಬಿಡಿ. ಕಪಾಡೋಕಿಯಾದಿಂದ ಅಂತಾಲ್ಯದ ಕಡಲಿಗೆ ಹೋಗುವವರು ನಡುವೆ ಒಂದು ರಾತ್ರಿ ಮಲಗಿ ಎದ್ದು ಹೋಗುತ್ತಾರೆ. ಊರಿಗೆ ಒಂದು ರಸ್ತೆಯಿಂದ ಸೇರಿಕೊಂಡ, ಸರೋವರದೊಳಗಿನ ದ್ವೀಪದಲ್ಲಿ ಸೆಹೆರ್ ಮತ್ತು ಅವಳ ಸೋದರತ್ತೆ ಹಾಜೆರ್ ನಡೆಸುವ ಪುಟ್ಟ ವಸತಿಗೃಹದಲ್ಲೂ ಅಷ್ಟೇ, ಹೆಸರು ನೆನಪಿಡುವ ಮೊದಲೇ ಜನ ಹೊರಟಿರುತ್ತಾರೆ.

ಆದರೆ ಕೆನಾನ್ ವಾರವಾರವೂ ಬಂದ.

ದ್ರಾಕ್ಷಿ ಚಪ್ಪರದ ಕೆಳಗೆ ಊಟಕ್ಕೆ ಕುಳಿತಾಗ ಪ್ರತಿ ಗುಂಪೂ ಅವನನ್ನು ಕೇಳುವ ಪ್ರಶ್ನೆ ಒಂದೇ. ಈ ದೇಶದಲ್ಲಿ ನಿಮಗೆ ತುಂಬಾ ಇಷ್ಟವಾದ ಜಾಗ ಯಾವುದು?

ಅವನ ಉತ್ತರ ಮಾತ್ರ ಒಂದೇ ಅಲ್ಲ.

"ಮಾರ್ದಿನ್. ಸಂಜೆ ಅಲ್ಲಿ ಕಲ್ಲಿನ ಮನೆಗಳು ಜೇನಿನ ಬಣ್ಣಕ್ಕೆ ತಿರುಗ್ತವೆ. ತಾರಸಿ ಮೇಲೆ ಕೂತ್ರೆ ಕೆಳಗಿನ ಬಯಲೇ ಸಮುದ್ರ."

ಇನ್ನೊಂದು ವಾರ, "ರಿಜೆಯ ಚಹಾ ಗುಡ್ಡಗಳು. ಎಂಥಾ ಮಂಜು ಅಂದ್ರೆ, ಎಲೆ ಕೀಳೋ ಹೆಂಗಸರ ಮಾತು ಕೇಳ್ಸುತ್ತೆ, ಅವರು ಕಾಣೋದಿಲ್ಲ."

ಮತ್ತೊಂದು ವಾರ, "ಕಾಶ್ ಹತ್ರ ದೋಣಿಯಿಂದ ಬಗ್ಗಿ ನೋಡಿ. ನೀರೊಳಗೆ ಮುಳುಗಿದ ಊರಿನ ಮೆಟ್ಟಿಲು ಇನ್ನೂ ಇವೆ."

ಸೆಹೆರ್ ಮೀನು ಹುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಪಕ್ಕದ ಇಸ್ಪಾರ್ತಾ ಪಟ್ಟಣ ಬಿಟ್ಟು ಆಚೆ ಅವಳು ಹೋದವಳಲ್ಲ. ಪಾತ್ರೆ ತೊಳೆಯುವಾಗ ಕೈ ನೀರಿನಲ್ಲಿರುತ್ತಿತ್ತು, ಮನಸ್ಸು ಆ ಮುಳುಗಿದ ಮೆಟ್ಟಿಲು ಇಳಿಯುತ್ತಿತ್ತು... ಕೊನೆಯ ಮೆಟ್ಟಿಲ ಮೇಲೆ ಅವನೇ ಒದ್ದೆ ಟೋಪಿ ಹಿಡಿದು ನಿಂತಿರುತ್ತಿದ್ದ.

'ಒಂದು ದಿನ ನಮ್ಮೂರಿನ ಹೆಸರೂ ಹೇಳ್ತಾರೆ... ಹೇಳೇ ಹೇಳ್ತಾರೆ.'

ಹೇಳಲಿಲ್ಲ. ಸೇಬಿನ ಕಾಲ ಬಂತು. ಆ ವರ್ಷದ ಕೊನೆಯ ಗುಂಪೂ ಬಂತು.

"ಮುಂದಿನ ವರ್ಷ ಕಪ್ಪು ಸಮುದ್ರದ ಕಡೆ ಹೋಗು ಅಂತಿದ್ದಾರೆ ಕಂಪನಿಯವರು, ಅತ್ತೆ," ಎಂದ ಕೆನಾನ್. ಮಾತು ಹಾಜೆರ್ ಜೊತೆ, ಕಣ್ಣು ಸೆಹೆರ್ ಮೇಲೆ. "ಒಪ್ಪಿಕೊಂಡ್ರೆ ಈ ಕಡೆ ಬರೋದಿಲ್ಲ. ನಾಳೆ ಅಂತಾಲ್ಯ ಮುಟ್ಟೋದ್ರೊಳಗೆ ಹೇಳ್ಬೇಕು."

ಮೀನಿನ ತಟ್ಟೆ ಹಿಡಿದು ಸೆಹೆರ್ ಅವನತ್ತ ತಿರುಗಿದಳು. ಹೋಗಬೇಡಿ ಅನ್ನಲು ತುಟಿ ತೆರೆದಿದ್ದಳು. ಅಷ್ಟರಲ್ಲಿ ಒಬ್ಬ ಅತಿಥಿ ಕೇಳಿಯೇಬಿಟ್ಟ. "ಈ ಕೆರೆ? ಇದೂ ನಿಮಗಿಷ್ಟದ ಜಾಗಾನಾ?"

ಕೆನಾನ್ ನಕ್ಕ. "ಇದನ್ನ ನಾನು ಆ ಲೆಕ್ಕಕ್ಕೆ ಸೇರಿಸೋದಿಲ್ಲ."

ತಟ್ಟೆ ಇಟ್ಟು ಅವಳು ಅಡುಗೆಮನೆಗೆ ಹೋದಳು. 'ಲೆಕ್ಕಕ್ಕೇ ಇಲ್ಲ... ಊರೂ ಇಲ್ಲ, ನಾನೂ ಇಲ್ಲ.'

ಊಟವಾದ ಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದ. "ಸೆಹೆರ್, ಅವರಿಗೆ ಏನು ಹೇಳ್ಲಿ?"

"ನನ್ನನ್ಯಾಕೆ ಕೇಳ್ತೀರಿ? ನಿಮಗಿಷ್ಟದ ಚಹಾ ಗುಡ್ಡ ಅಲ್ಲೇ ಇದ್ಯಲ್ಲ. ಹೋಗಿ."

ಅವನ ಮುಖ ಬಾಡಿತು. ಅವಳು ನೋಡಿಯೂ ನೋಡದವಳಂತೆ ತಿರುಗಿದಳು.

ಬೆಳಿಗ್ಗೆ ಬಸ್ಸು ಹೊರಟಿತು. ಹಿಂದಿನ ಕಿಟಕಿಗೆ ಮುಖವಿಟ್ಟು ಕೆನಾನ್ ಕಾಯುತ್ತಿದ್ದ. ಸೆಹೆರ್ ತುಂಬಿದ ತಂಬಿಗೆ ಹಿಡಿದು ಸುಮ್ಮನೆ ನಿಂತಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಏನೇ, ಕೈಗೆ ಲಕ್ವ ಹೊಡೀತಾ?" ಎಂದಳು ಹಾಜೆರ್. "ಹಿಂದೆ ನೀರು ಬೀಳದೆ ಹೋದವನು ಏನಂದ್ಕೋತಾನೆ?"

"ಬರಬೇಡ ಅಂದ್ಲು ಅಂದ್ಕೊಳ್ಲಿ."

"ನಿಜವಾಗ್ಲೂ ಬರೋದು ಬೇಡ್ವಾ ನಿನಗೆ?"

ಅವಳ ಕಣ್ಣು ತುಂಬಿ ಹರಿಯಿತು.

"ಚೆನ್ನಾಗಿದೆ. ಅಳೋಕೆ ಇಷ್ಟು ನೀರಿದೆ, ಚೆಲ್ಲೋಕೆ ಇರ್ಲಿಲ್ವಾ? ಬಸ್ಸಿನವರು ಸೇಬು ಕೊಳ್ಳೋಕೆ ಊರ ಪೇಟೇಲಿ ಇಳೀತಾರೆ. ಓಡು."

ತಂಬಿಗೆ ಸಮೇತ ಓಡಿದಳು ಸೆಹೆರ್. ದ್ವೀಪದಿಂದ ಊರಿಗೆ ಹೋಗುವ ದಾರಿಯ ಎರಡು ಕಡೆಯೂ ನೀರು, ನೀರಿನ ಮೇಲೆ ಬೆಳಗಿನ ಮಂಜು. ನೆಲದ ಮೇಲೆ ಓಡುತ್ತಿದ್ದಾಳೋ ಕನಸಿನಲ್ಲೋ ಅವಳಿಗೇ ತಿಳಿಯಲಿಲ್ಲ. ಲಂಗವೆಲ್ಲ ಒದ್ದೆ. ಅರ್ಧ ದಾರಿಯಲ್ಲಿ ಎದುರಿನಿಂದ ಯಾರೋ ಓಡಿ ಬರುವುದು ಕಂಡಿತು.

ಟೋಪಿ ಇರಲಿಲ್ಲ. ಕೆನಾನ್!

"ನೀರು ಚೆಲ್ಲಲಿಲ್ಲ ನೀವು," ಎಂದ ಏದುಸಿರಿನಲ್ಲಿ. "ಬರಬೇಡ ಅಂತಾನಾ? ಇಲ್ಲಾ, ಹೋಗಬೇಡ ಅಂತಾನಾ? ಅದು ಗೊತ್ತಾಗದೆ ಕಂಪನಿಯವರಿಗೆ ಫೋನ್ ಮಾಡೋಕೆ ಕೈ ಬರ್ಲಿಲ್ಲ."

"ಊರೂರಿನ ಹೆಸರು ಹೇಳಿದ್ರಿ. ನಮ್ಮೂರು ಮಾತ್ರ ಲೆಕ್ಕಕ್ಕಿಲ್ಲ ಅಂದ್ರಿ..." ಎಂದಳು ಸೆಹೆರ್.

ಅವನು ಬೆರಗಾಗಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಜನ ಕೇಳೋದು ನಾನು ನೋಡಿದ ಜಾಗಗಳನ್ನ, ಸೆಹೆರ್. ಅಲ್ಲಿಗೆಲ್ಲ ಹೋಗ್ತೀನಿ, ನೋಡ್ತೀನಿ, ಹೊರಡ್ತೀನಿ. ಇಲ್ಲಿಗೆ ಮಾತ್ರ... ಬರ್ತೀನಿ. ಮನೇನ ಯಾರಾದ್ರೂ ಆ ಲೆಕ್ಕಕ್ಕೆ ಸೇರಿಸ್ತಾರಾ?"

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಹೆದರಿಕೆ. ನನ್ನನ್ನ ನೀವು ಬಂದು ಹೋಗೋ ಅತಿಥಿ ಅಂದ್ಕೊಂಡಿದ್ರೆ?"

"ಹೋಗಿ ಅಂದಿದ್ದು ಸುಳ್ಳು," ಎಂದಳು ಸೆಹೆರ್. "ನೀವು ಬರೋ ದಿನ ಬಿಟ್ರೆ ಬೇರೆ ದಿನವೇ ನನಗೆ ನೆನಪಿರೋದಿಲ್ಲ. ನೀವಂದ್ರೆ ಅಷ್ಟು ಇಷ್ಟ."

ಅವನು ಅಲ್ಲೇ ನಿಂತು ಫೋನ್ ಮಾಡಿದ. "ಆಗೋದಿಲ್ಲ. ನಾನು ಈ ದಾರೀಲೇ ಇರ್ತೀನಿ," ಅಂದಿದ್ದು ಅಷ್ಟೇ. ಪೇಟೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು.

"ಈ ಗುಂಪನ್ನ ಅಂತಾಲ್ಯಕ್ಕೆ ಬಿಟ್ಟು ನಾಳಿದ್ದು ಬರ್ತೀನಿ."

ಸೆಹೆರ್ ತಂಬಿಗೆಯೊಳಗೆ ಇಣುಕಿದಳು. "ಓಡಿ ಓಡಿ ಎಲ್ಲಾ ಚೆಲ್ಲಿಹೋಯ್ತು. ಒಂದು ಗುಟುಕಷ್ಟೇ ಇದೆ."

"ಸಾಕು. ಅಂತಾಲ್ಯ ಏನು ಮಹಾ ದೂರ?"

ನೀರು ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಅವನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟ. ಅವಳು ಉಳಿದಷ್ಟನ್ನೂ ದಾರಿಗೆ ಚೆಲ್ಲಿದಳು.

"ಈ ಸಲವೂ ಟೋಪಿ ನಿಮ್ಮಲ್ಲೇ ಮರೆತಿದ್ದೀನಿ," ಎಂದು ಕೂಗಿದ ಕೆನಾನ್. "ತೆಗೆದಿಡ್ತೀರಾ?"

"ಇಡ್ತೀನಿ," ಎಂದಳು ಸೆಹೆರ್. ಅಳುವಿನ ನಡುವೆಯೇ ನಗು ಬಂತು. "ನೀನು ಬೇಗ ಬಾ."