ಎರಡುಕಣ್ಣಿಗೆ ಬೇಲಿ ಇಲ್ಲ

"ಹಿಂದಕ್ಕೆ ತಗೊಳ್ರೀ ಗಾಡಿನ!"

"ನೀವೇ ತಗೊಳ್ಳಿ!"

ಜ್ವಾಲಾಮುಖಿಯ ಬಾಯಿಗೆ ಹತ್ತುವ ಆ ದಾರಿಯಲ್ಲಿ ಒಂದೇ ಗಾಡಿಗೆ ಜಾಗ. ಒಂದು ಪಕ್ಕ ಕರಿಕಲ್ಲಿನ ಗೋಡೆ. ಇನ್ನೊಂದು ಪಕ್ಕ ಏನೂ ಇಲ್ಲ... ತುಂಬಾ ಕೆಳಗೆ ಸಮುದ್ರ ಮಾತ್ರ! ಅಂಥ ತಿರುವಿನಲ್ಲಿ ಎರಡು ಜೀಪುಗಳು ಮೂಗಿಗೆ ಮೂಗು ತಾಗಿಸಿ ನಿಂತಿದ್ದವು.

ಹತ್ತುವ ಜೀಪಿನಲ್ಲಿ ಅವಳು. ಜೀಪ್ ಸ್ಟ್ಯಾಂಡಿನವರೆಲ್ಲ ಅವಳನ್ನು ಹಾರ್ನಕ್ಕ ಅನ್ನುತ್ತಿದ್ದರು. ಯಾಕೆ ಅಂತ ಆ ತಿರುವಿನಲ್ಲಿದ್ದ ಯಾರೂ ಕೇಳಬೇಕಾಗಿರಲಿಲ್ಲ.

ಇಳಿಯುವ ಜೀಪಿನಲ್ಲಿ ಅವನು. ತೀರದ ದೊಡ್ಡ ಹೋಟೆಲಿನ ಹೊಸ ಡ್ರೈವರ್. ಆಚೆ ದ್ವೀಪದವನು.

"ಹತ್ತೋರಿಗೆ ದಾರಿ ಬಿಡ್ಬೇಕು ಅಂತ ಗೊತ್ತಿಲ್ವಾ? ಲೈಸೆನ್ಸ್ ಕೊಟ್ಟೋರು ಕಣ್ಣು ಮುಚ್ಕೊಂಡಿದ್ರಾ?"

"ಇಳಿಯೋರಿಗೆ ಬಿಡ್ಬೇಕಮ್ಮಾ! ಸ್ಟೇರಿಂಗ್ ಹಿಡಿದಾಗಿಂದ ಹಾಗೇ ಓಡ್ಸಿದ್ದೀನಿ!"

ಅವಳ ಹಿಂದಿದ್ದ ಜೀಪಿನಿಂದ ಅವಳ ಸೋದರಮಾವ ತಲೆ ಹೊರಗೆ ಹಾಕಿದ. "ಸ್ವಾಮೀ, ಅವಳ ಹತ್ರ ವಾದಕ್ಕೆ ನಿಂತ್ರೆ ಜ್ವಾಲಾಮುಖಿನೇ ತಣ್ಣಗಾಗುತ್ತೆ, ಅವಳಾಗಲ್ಲ. ಹಿಂದಕ್ಕೆ ಹೋಗಪ್ಪಾ!"

ಅವನು ಗುರ್ ಅಂತ ಗೇರ್ ಬದಲಿಸಿ, ಒಂದೇ ಏಟಿಗೆ ಹಿಂದಕ್ಕೆ ಹೋದ.

'ಏನ್ ಸೊಕ್ಕು ಇವನಿಗೆ!... ಆದ್ರೆ ಗಾಡಿ ತಗೊಂಡಿದ್ದು ಮಾತ್ರ ನೂಲು ಹಿಡಿದ ಹಾಗೆ...'

ಸಂಜೆ ಅವನು ಸ್ಟ್ಯಾಂಡಿಗೇ ಬಂದ.

"ನಮ್ಮ ಕಡೆ ದಾರಿಯೆಲ್ಲ ಸಡಿಲ ಬೂದಿ. ಇಳಿಯೋ ಗಾಡಿಗೆ ಬ್ರೇಕ್ ಹಿಡಿಯಲ್ಲ. ಅದಕ್ಕೇ ಹತ್ತೋರು ದಾರಿ ಕೊಡ್ತಾರೆ. ಇಲ್ಲಿ ಗಟ್ಟಿ ಕಲ್ಲು ಅನ್ನೋದು ತಲೆಗೇ ಹೊಳೀಲಿಲ್ಲ."

"ಇದು ಕ್ಷಮೆ ಕೇಳಿದ್ದಾ, ಪಾಠ ಮಾಡಿದ್ದಾ?"

"ಎರಡೂ."

ಅವಳಿಗೆ ನಗು ತಡೆಯಲಾಗಲಿಲ್ಲ. ಹಾರ್ನಕ್ಕ ನಕ್ಕಿದ್ದು ಕಂಡು ಸ್ಟ್ಯಾಂಡೇ ತಿರುಗಿ ನೋಡಿತು!

ಆಮೇಲೆ ಒಂದು ಬೆಳಿಗ್ಗೆ ಅವಳೇ ಅವನನ್ನು ಎರಡುಕಣ್ಣಿಗೆ ಕರೆದೊಯ್ದಳು.

ಅವಳ ದ್ವೀಪದಲ್ಲಿ ನೋಡುವ ಜಾಗಗಳಿಗೆ ಬರವಿಲ್ಲ. ಕರಿ ಮರಳಿನ ತೀರ ಕಾಣುವ ಬಂಡೆಯಿದೆ, ಹೊಗೆಯ ಬಿರುಕುಗಳ ಬಯಲಿದೆ. ಆದರೆ ಎರಡುಕಣ್ಣು ಒಂದೇ. ಜ್ವಾಲಾಮುಖಿಯ ತುಟಿಯ ಮೇಲೆ, ಚಾಪೆಯಷ್ಟು ಅಗಲದ ಕಲ್ಲು. ಎಡಕ್ಕೆ ತಿರುಗಿದರೆ ಆಳದಲ್ಲಿ ಹಸಿರು ಕೊಳ, ಅದರ ಮೇಲೆ ಆವಿ. ಬಲಕ್ಕೆ ತಿರುಗಿದರೆ ಇಡೀ ಕಡಲು!

ಅಲ್ಲಿಗೆ ಹೋಗುವ ಮೆಟ್ಟಿಲುಗಳನ್ನು ಅವಳ ಅಪ್ಪ, ಅಮ್ಮ ಸೇರಿ ಕಡಿದಿದ್ದರು. ಅಪ್ಪ ಈಗಿಲ್ಲ. ಗುಡ್ಡ ಯಾರ ಸ್ವತ್ತೂ ಅಲ್ಲ. ಆದರೂ ಅವಳಿಲ್ಲದೆ ಯಾವ ಡ್ರೈವರೂ ಅಲ್ಲಿಗೆ ಜನರನ್ನು ಕರೆದೊಯ್ಯುತ್ತಿರಲಿಲ್ಲ. ಅದು ಸ್ಟ್ಯಾಂಡಿನ ಮರ್ಯಾದೆ.

ಅವನು ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಮತ್ತೆ ಎಡಕ್ಕೆ ತಿರುಗಿದ.

"ಏನ್ರೀ, ಬಾಯಿ ಬಿದ್ದು ಹೋಯ್ತಾ?"

"ನಾನು ಜ್ವಾಲಾಮುಖಿ ಪಕ್ಕದಲ್ಲೇ ಹುಟ್ಟಿದೋನು ಕಣೇ... ಇಂಥದ್ದು ನೋಡಿಲ್ಲ."

ಕಣೇ! ಯಾವಾಗ ಈ 'ರೀ' ಹೋಗಿ 'ಕಣೇ' ಬಂತು?... ಅವಳು ಕೇಳಲಿಲ್ಲ. ತಿದ್ದಲೂ ಇಲ್ಲ.

ಆದರೆ ಮುಂದಿನ ವಾರವೇ ಮಾವ ಮುಖ ಊದಿಸಿಕೊಂಡು ಬಂದ.

"ನಿನ್ನ ಆಚೆ ದ್ವೀಪದೋನು ಏನಂದಿದ್ದಾನೆ ಗೊತ್ತಾ? ಎರಡುಕಣ್ಣು ಹೇಗಿದೆ ಅಂತ ಹೋಟೆಲ್ ಮ್ಯಾನೇಜರ್ ಕೇಳಿದ್ರೆ, 'ಅಲ್ಲೇನಿದೆ ಸಾರ್, ಹೊಗೆ ಮತ್ತೆ ಕಲ್ಲು' ಅಂದನಂತೆ!"

ಅವಳ ಕಿವಿಗೆ ಕಾದ ಸೀಸ ಸುರಿದಂತಾಯಿತು. 'ಹೊಗೆ ಮತ್ತೆ ಕಲ್ಲಾ? ನಮ್ಮಪ್ಪ ಅಂಗೈ ಒಡಕೊಂಡು ಮೆಟ್ಟಿಲು ಕಡಿದ ಜಾಗಾನಾ? ನನ್ನ ಕಣ್ಣೆದುರು ಹಾಗೆ ನಿಂತೋನು, ಅಲ್ಲಿ ಹೋಗಿ ಹೀಗಾ?'

ಜೀಪು ನೇರ ಹೋಟೆಲಿನ ಬಾಗಿಲಿಗೇ ಹೋಗಿ ನಿಂತಿತು.

ಒಳಗೆ ನೆಲ ಎಷ್ಟು ನುಣುಪೆಂದರೆ, ಧೂಳು ಮೆತ್ತಿದ ಚಪ್ಪಲಿಯನ್ನು ನೋಡಿ ಕಾವಲಿನವನೇ ಬೆಚ್ಚಿದ. ಬೆಚ್ಚಲಿ! ದುಡಿಯುವವರು ಸಿಟ್ಟಾದರೆ ಅದಕ್ಕೆ ಸೊಕ್ಕು ಅಂತ ಹೆಸರಿಡುವ ಜಾಗ ಅದು. ಅವಳು ಅತಿಥಿಗಳ ನಡುವೆಯೇ ನಡೆದು ಮ್ಯಾನೇಜರ್ ಮೇಜಿನ ಮುಂದೆ ನಿಂತಳು. ಅವನೂ ಅಲ್ಲೇ ಇದ್ದ, ಹೋಟೆಲಿನ ನೀಲಿ ಶರ್ಟಿನಲ್ಲಿ.

"ಇವ್ರು ಹೇಳಿದ್ದು ಸುಳ್ಳು! ಈ ದ್ವೀಪದಲ್ಲಿ ಎರಡುಕಣ್ಣಿನಂಥ ಜಾಗ ಇನ್ನೊಂದಿಲ್ಲ. ಕಣ್ಣಿದ್ರೆ ಬಂದು ನೋಡಿ!"

ಅವನು ಕಣ್ಣು ಮುಚ್ಚಿಕೊಂಡ. 'ಅಯ್ಯೋ ಹುಚ್ಚಿ...'

ಮ್ಯಾನೇಜರ್ ಮುಖ ಅರಳಿತು. "ಹೌದಾ! ಹಾಗಾದ್ರೆ ಅದೇ ಸರಿ. ಸುತ್ತ ಬೇಲಿ, ಒಂದು ಗೇಟು, ನಮ್ಮ ಅತಿಥಿಗಳಿಗೆ ಮಾತ್ರ. ಹುಡುಕ್ತಾ ಇದ್ದದ್ದೇ ಅಂಥ ಜಾಗ."

ಆಗ ಅವಳಿಗೆ ಎಲ್ಲ ತಿಳಿಯಿತು. ಬೇಲಿ ಬೀಳದಿರಲೆಂದು ಅವನು ಆ ಸುಳ್ಳು ಹೇಳಿದ್ದ. ಅದನ್ನು ಅವಳೇ ಒಡೆದು ಹಾಕಿದ್ದಳು!

ಅವಳು ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು. ದನಿ ಮಾತ್ರ ನಡುಗಲಿಲ್ಲ.

"ಉಳಿಸ್ಬೇಕು ಅಂತ ಹಾಗಂದ್ಯಾ?"

"ಹೂಂ."

"ನನ್ನ ಜಾಗಾನ ಕೀಳು ಮಾಡಿ ಉಳಿಸ್ಬೇಡ ಕಣೋ! ಕಳ್ಕೊಂಡ್ರೂ ಪರವಾಗಿಲ್ಲ, ಅದು ಚೆಂದ ಅಂತ ಹೇಳಿ ಕಳ್ಕೋತೀನಿ!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಜೀಪಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಸಾರ್, ನಾನು ಸುಳ್ಳು ಹೇಳಿದ್ದೆ. ಅಂಥ ಜಾಗ ನಾನು ಎಲ್ಲೂ ನೋಡಿಲ್ಲ. ಅದರ ಮೆಟ್ಟಿಲು ಕಡಿದೋರು ಇವರ ಅಪ್ಪ, ಅಮ್ಮ. ಅಲ್ಲಿಗೆ ಇವರ ಜೊತೆ ಯಾರು ಬೇಕಾದ್ರೂ ಬರ್ಬಹುದು. ಬೇಲಿಯ ಕಂಬ ಮಾತ್ರ ಬರಲ್ಲ."

"ಬರಲ್ವಾ? ಯಾಕೆ ಬರಲ್ಲ?"

"ಹೊರೋರು ಯಾರು?" ಬಾಗಿಲಿನಿಂದ ದನಿ ಬಂತು. ಮಾವ! ಅವನ ಹಿಂದೆ, ಅವಳ ಜೀಪಿನ ಬೆನ್ನು ಹಿಡಿದು ಬಂದ ಸ್ಟ್ಯಾಂಡಿನ ಡ್ರೈವರುಗಳು. "ನಿಮ್ಮ ಜೀಪಿನ ಕೀಲಿ ಮೇಜಿನ ಮೇಲೆ ಬಿತ್ತು. ಇನ್ನು ಆ ದಾರಿ ಹತ್ತೋದು ನಮ್ಮ ಜೀಪುಗಳು ಮಾತ್ರ. ಬೇಲಿ ಅಂದ ದಿನವೇ ಒಂದು ಚೀಲ ಸಿಮೆಂಟೂ ಮೇಲೆ ಹೋಗಲ್ಲ. ನಿಮ್ಮ ಅತಿಥಿಗಳೂ ಹೋಗಲ್ಲ."

ಒಬ್ಬ ಅತಿಥಿಯ ಹೆಂಡತಿ ಎದ್ದು ನಿಂತರು. "ಬೇಲಿ ಆಮೇಲೆ ನೋಡ್ಕೊಳ್ಳಿ ಮ್ಯಾನೇಜರೇ. ನಮಗೆ ಇವತ್ತೇ ಆ ಜಾಗ ನೋಡ್ಬೇಕು. ಈ ಹುಡುಗಿ ಜೊತೆ."

ಮ್ಯಾನೇಜರ್ ಅತಿಥಿಗಳನ್ನು ನೋಡಿದ, ಡ್ರೈವರುಗಳನ್ನು ನೋಡಿದ. "ಬೇಲಿಯ ಮಾತು ಬಿಟ್ಟುಬಿಡಿ" ಅಂದ, ಯಾರ ಮುಖವನ್ನೂ ನೋಡದೆ. ಕೀಲಿಯನ್ನು ಮಾತ್ರ ಅವನಿಗೆ ವಾಪಸ್ ಕೊಡಲಿಲ್ಲ.

ಆ ಮಧ್ಯಾಹ್ನ ಎರಡುಕಣ್ಣಿನಿಂದ ಜನ ಇಳಿದು ಹೋದ ಮೇಲೆ ಅವರಿಬ್ಬರೇ ಉಳಿದರು. ಗಾಳಿ ಜೋರಾಗಿತ್ತು. ಅವಳು ತಲೆಯೆತ್ತಿ ನಿಂತಿದ್ದಳು. ತನ್ನ ಬಗ್ಗೆ, ತನ್ನವರ ಬಗ್ಗೆ, ಪಕ್ಕದಲ್ಲಿ ಕೆಲಸ ಕಳೆದುಕೊಂಡು ನಿಂತ ಈ ಹಟಮಾರಿಯ ಬಗ್ಗೆ ಅವಳಿಗೆ ಎದೆ ತುಂಬ ಹೆಮ್ಮೆ!

"ನನ್ನ ಹತ್ರ ಈಗ ಗಾಡಿ ಇಲ್ಲ, ಕೆಲಸ ಇಲ್ಲ" ಅಂದ ಅವನು.

"ಬಾಯಿ ಇದ್ಯಲ್ಲ. ಇವತ್ತು ಚೆನ್ನಾಗೇ ದುಡೀತು."

"ಅದಕ್ಕೆ ಇನ್ನೂ ಒಂದು ಮಾತು ಹೇಳೋದಿದೆ..."

ಅವಳು ಅವನ ಕಡೆ ತಿರುಗಿದಳು. "ಹೇಳು. ಆದ್ರೆ ಕಮ್ಮಿ ಮಾಡಿ ಹೇಳ್ಬೇಡ."

"ನೀನಂದ್ರೆ ನನಗೆ ಪ್ರಾಣ ಕಣೇ. ನಿನ್ನ ಸಿಟ್ಟು, ನಿನ್ನ ಗತ್ತು, ಎಲ್ಲಾನೂ. ಜೀವ ಇರೋವರೆಗೂ ನಿನ್ನ ಜೊತೆ ಇರ್ಬೇಕು..."

"ಇನ್ನೂ ಸ್ವಲ್ಪ ಕಮ್ಮಿ ಆಯ್ತು." ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಒಂದೇ ಸಲ ಹೇಳಿ ಮುಗಿಸೋಕಾಗಲ್ಲ. ದಿನಾ ಒಂದಿಷ್ಟು ಹೇಳ್ತೀನಿ."

"ಮೊದಲು ಅಮ್ಮಂಗೆ ಹೇಳು. ನನಗಿಂತ ಅವಳ ಬಾಯಿ ಜೋರು."

"ನಿನಗಿಂತಾನಾ?!" ಅವನು ನಿಜವಾಗಿಯೂ ಹೆದರಿದ.

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನಿದ್ದೀನಿ. ಬಾ."