ಎಕ್ಸ್ ಪಾರ್ಟಿ

1937ನೆಯ ಇಸವಿ ಆಗಸ್ಟ್ 2, ಸೋಮವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವಕೀಲ ಮಧ್ವೇಶರಾಯರು ಬಲಗೈಯನ್ನು ಧೋತರದ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡು ಹಾನಗಲ್ಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಮಣಿಕಟ್ಟು ಊದಿ ಕಪ್ಪಾಗಿತ್ತು. ಫೌಜದಾರ ಮಹಾಲಿಂಗಪ್ಪ ಎದ್ದು ಕುರ್ಚಿ ಕೊಟ್ಟ.

"ಮನೀಗೆ ಕಳ್ಳ ಬಂದಿದ್ದ. ಬಾಗಿಲದ ಅಗುಳಿ ತೊಗೊಂಡು ಹೊಡದು ಓಡಿ ಹೋದ," ಎಂದರು ವಕೀಲರು.

"ಎಷ್ಟೊತ್ತಿಗ್ರಿ?"

"ಏಳೂವರಿಗೆ. ಆಫೀಸ ಖೋಲಿಯೊಳಗ ಕೂತಿದ್ದೆ."

"ಬೆಳಕು ಹರದ ಮ್ಯಾಲೆ ಬಂದಾನ. ಮುಖ ನೋಡಿರೇನ್ರಿ?"

"ಇಲ್ಲ. ಹಿಂದಿನಿಂದ ಬಂದ."

"ಹಿಂದಿಂದ ಬಂದಾವ ಮಣಿಕಟ್ಟಿನ ಮ್ಯಾಲೆ ಹೆಂಗ ಹೊಡದಾನ್ರಿ?"

ವಕೀಲರ ಮುಖ ಕೆಂಪಾಯಿತು. "ನನ್ನ ಫಿರ್ಯಾದಿ ಬರಕೋತೀರೋ, ನನಗೇ ಪಾಟೀಸವಾಲು ಮಾಡ್ತೀರೋ?"

ಮಹಾಲಿಂಗಪ್ಪ ಎಫ್‌ಐಆರ್ ದಾಖಲಿಸಿದ. ಆರೋಪಿ, ಅಪರಿಚಿತ. ಗಾಯಾಳುವನ್ನು ದವಾಖಾನೆಗೆ ಕಳಿಸಿದ. ಮಣಿಕಟ್ಟಿನ ಎರಡು ಎಲುಬು ಮುರಿದಿವೆಯೆಂದು ಡಾಕ್ಟರರ ಸರ್ಟಿಫಿಕೇಟು ಮಧ್ಯಾಹ್ನವೇ ಬಂತು.

ಅಷ್ಟರೊಳಗೆ, ಹತ್ತೂವರೆಗೆ, ಆತ ಕಾನ್‌ಸ್ಟೇಬಲ್ ಅಕ್ಬರಸಾಬನನ್ನು ಕರೆದುಕೊಂಡು ವಕೀಲರ ಮನೆಗೆ ಹೋಗಿದ್ದ. ನೆರೆಮನೆಯ ಇಬ್ಬರನ್ನು ಪಂಚರೆಂದು ಕೂಡಿಸಿ ಪಂಚನಾಮೆ ಶುರು ಮಾಡಿದ. ಅಗುಳಿ ನೆಲದ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ವಕೀಲರ ಬೆಳ್ಳಿಯ ಗಡಿಯಾರ ಇಟ್ಟಲ್ಲೇ ಇತ್ತು. ಕಪಾಟುಗಳನ್ನು ಯಾರೂ ಮುಟ್ಟಿರಲಿಲ್ಲ. ಹೊಸ್ತಿಲಿನಿಂದ ಮೇಜಿನವರೆಗೆ ಕೆಸರಿನ ಹೆಜ್ಜೆಗಳಿದ್ದವು. ಅಕ್ಬರಸಾಬ ಕಡ್ಡಿಯಿಂದ ಅಳೆದು ತಲೆ ಎತ್ತಿದ.

"ಸಾಹೇಬ್ರ, ಇದು ಗಂಡಸಿನ ಹೆಜ್ಜಿ ಅಲ್ರಿ."

ಮೇಜಿನ ಖಾನೆಯಲ್ಲಿ ಹಳೆಯ ನೋಟ್‌ಬುಕ್ಕೊಂದು ಸಿಕ್ಕಿತು. ವಕೀಲಿ ಪರೀಕ್ಷೆಗೆ ಓದುವಾಗ ರಾಯರು ಬರೆದಿಟ್ಟದ್ದು. ಎಡಕ್ಕೆ ಕೋರ್ಟಿನ ಲ್ಯಾಟಿನ್ ಮಾತುಗಳು, ಬಲಕ್ಕೆ ಅವುಗಳ ಇಂಗ್ಲಿಷ್ ಅರ್ಥ, ಅಕ್ಷರಮಾಲೆಯ ಕ್ರಮದಲ್ಲಿ. ಅಲಿಬಿ, ಅಂದರೆ ಬೇರೆ ಕಡೆ ಇದ್ದೆನೆಂಬ ವಾದ. ಬೋನಾ ಫೈಡಿ, ಅಂದರೆ ಒಳ್ಳೆಯ ನಂಬಿಕೆಯಿಂದ. ಮಹಾಲಿಂಗಪ್ಪನಿಗೆ ಠಾಣೆಯ ಕೆಲಸದಿಂದ ನಾಲ್ಕಾರು ಮಾತು ಗೊತ್ತಿದ್ದವು. ಹಾಳೆ ತಿರುವುತ್ತ ಹೋದಂತೆ ಡಿ ಆದ ಮೇಲೆ ಒಮ್ಮೆಲೇ ಎಫ್ ಬಂತು. ನಡುವೆ ಒಂದು ಹಾಳೆ ಇರಲಿಲ್ಲ. ಅದನ್ನು ಯಾರೂ ಸಿಟ್ಟಿನಿಂದ ಹರಿದಿರಲಿಲ್ಲ. ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದರು.

ಹೊಡೆದು ಓಡುವ ಕಳ್ಳ ಕತ್ತರಿ ಹುಡುಕುತ್ತ ಕೂಡುವುದಿಲ್ಲ. ಫೌಜದಾರ ಹಿತ್ತಲಿಗೆ ಹೋದ.

ವಕೀಲರ ತಂಗಿ ವಿಮಲಾಬಾಯಿ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಹದಿನೆಂಟಕ್ಕೇ ವಿಧವೆಯಾಗಿ ಅಣ್ಣನ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ತಂದೆ ಕಲಿಸಿದ ಇಂಗ್ಲಿಷಿನಿಂದ ಅಣ್ಣನ ಕಾಗದಪತ್ರಗಳನ್ನು ನಕಲು ಮಾಡಿಕೊಡುವುದೂ ಅವರ ಕೆಲಸವೇ.

"ಈ ಹಾಳಿ ಕತ್ತರಿಸಿದವರು ಯಾರ್ರಿ?"

"ನಾನು."

"ಅದರೊಳಗ ಏನಿತ್ತು?"

"ಮೂರು ಮಾತು. ಎಕ್ಸ್ ಗ್ರೇಷಿಯಾ, ಹಕ್ಕಿಲ್ಲದಿದ್ರೂ ಕೃಪಾ ಮಾಡಿ ಕೊಡೋದು. ಎಕ್ಸ್ ಅಫಿಶಿಯೋ, ಹುದ್ದೆಯ ಬಲದಿಂದ. ಎಕ್ಸ್ ಪಾರ್ಟಿ, ಒಂದೇ ಕಡೆಯವರ ಮಾತು ಕೇಳಿ ತೀರ್ಪು ಕೊಡೋದು."

"ಯಾರಿಗೆ ಕೊಟ್ರಿ?"

ವಿಮಲಾಬಾಯಿ ಕೈಯಲ್ಲಿದ್ದ ಕೊಡವನ್ನು ಕಟ್ಟೆಯ ಮೇಲಿಟ್ಟರು. "ಆಕಿ ಹೆಸರು ನನ್ನ ಬಾಯಿಂದ ಬರೂದಿಲ್ಲ. ಮೂರನೇ ಮಾತು ಹಿಡಕೊಂಡು ಕೋರ್ಟಿನ ರಜಿಸ್ಟರ್ ನೋಡ್ರಿ. ಅರ್ಥ ಗೊತ್ತಿರಲಿಲ್ಲ ಅಂತ ನಮ್ಮಣ್ಣ ನಾಳೆ ಹೇಳಬಾರದು. ಅದಕ್ಕ ಅವನ ಕೈಬರಹನ ಕತ್ತರಿಸಿ ಕೊಟ್ಟೆ."

ಮರುದಿನ ಮಹಾಲಿಂಗಪ್ಪ ಕೋರ್ಟಿನ ರಜಿಸ್ಟರಿನಲ್ಲಿ ಒಂದು ವರ್ಷದ ದಾವೆಗಳನ್ನು ಬೆರಳಿಟ್ಟು ನೋಡಿದ. ಮಧ್ವೇಶರಾಯರ ಕಕ್ಷಿದಾರರಲ್ಲಿ ಎಕ್ಸ್ ಪಾರ್ಟಿ ಸೋತವರು ಒಬ್ಬರೇ ಇದ್ದರು. ಆಡೂರಿನ ಗುತ್ತೆವ್ವ, ವಿಧವೆ. ಕೆರೆ ಕೆಳಗಿನ ಎರಡು ಎಕರೆ ಗದ್ದೆ ತನ್ನ ಅಜ್ಜನದೆಂದು ಊರ ಗೌಡ ಹಾಕಿದ ದಾವೆ. ಏಪ್ರಿಲ್ 12ರಂದು ಪ್ರತಿವಾದಿಯೂ ಆಕೆಯ ವಕೀಲರೂ ಗೈರುಹಾಜರು. ತೀರ್ಪು ಗೌಡನ ಪರ. ಅದನ್ನು ರದ್ದು ಮಾಡಿಸಲು ಮೂವತ್ತು ದಿನದ ಅವಧಿ. ಯಾರೂ ಅರ್ಜಿ ಕೊಟ್ಟಿರಲಿಲ್ಲ. ಜುಲೈ 20ಕ್ಕೆ ಗದ್ದೆ ಗೌಡನ ಕೈಸೇರಿತ್ತು.

ಆಗಸ್ಟ್ 4ರ ಬೆಳಿಗ್ಗೆ ಎಂಟಕ್ಕೆ ಫೌಜದಾರ ಮತ್ತು ಅಕ್ಬರಸಾಬ ಆಡೂರು ಮುಟ್ಟಿದರು. ಗುತ್ತೆವ್ವನ ಮಗ ಚೌಡಪ್ಪ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಖಾಕಿ ಕಂಡವನೇ ಎದ್ದು ಎರಡೂ ಕೈ ಮುಂದೆ ಚಾಚಿದ.

"ನಾನ ಹೊಡದೇನ್ರಿ. ಬೇಡಿ ಹಾಕ್ರಿ."

"ಯಾವ ಕೈಗೆ ಹೊಡದಿ?"

ಚೌಡಪ್ಪ ತಡವರಿಸಿದ. "ಎಡಗೈಗೆ."

"ಸುಳ್ಳ ಹೇಳಬ್ಯಾಡ," ಎಂದು ಒಳಗಿನಿಂದ ದನಿ ಬಂತು. ಐವತ್ತೈದರ ಗುತ್ತೆವ್ವ ಬಾಗಿಲಿಗೆ ಬಂದಳು. ಸಣ್ಣ ಆಳು, ಒಣಗಿದ ಮುಖ. "ಬಲಗೈಗೆ ಹೊಡದಿದ್ದು ನಾನು. ಅವ ಬರಿಯೋ ಕೈ ಅದು. ನನ್ನ ಕರಕೊಂಡು ನಡೀರಿ."

"ಕುಂತ್ಕೊಂಡು ಹೇಳವ್ವ."

"ಕುಂದ್ರಂಗಿಲ್ರಿ. ತಾರೀಖಿನ ದಿನಾ ಕೋರ್ಟಿಗೆ ಬರಬ್ಯಾಡ, ನಾ ನೋಡಿಕೋತೀನಿ ಅಂದ. ಆಮ್ಯಾಲೆ ಹೋಗಿ ಕೇಳಿದ್ರ, ಎಕ್ಸ್ ಪಾರ್ಟಿ ಆಗೇದ, ಅಂದ್ರ ಎದುರು ಪಾರ್ಟಿ ಹೊರಗ ಬಿತ್ತು, ನೀ ಗೆದ್ದಿ, ಸುಮ್ಮನ ಮನ್ಯಾಗಿರು ಅಂದ. ಓಣಿ ತುಂಬ ಬೆಲ್ಲ ಹಂಚಿದೆನ್ರಿ ನಾನು! ಸೋತಾಕಿ ಬೆಲ್ಲ ಹಂಚಿದೆ. ಗೌಡನ ಮನ್ಯಾಗ ಎಲ್ಲಾರೂ ನಕ್ಕಿರಬೇಕು."

ಆಕೆ ಸೆರಗಿನ ಗಂಟು ಬಿಚ್ಚಿ ನಾಲ್ಕಾಗಿ ಮಡಚಿದ ಹಾಳೆ ತೆಗೆದಳು. "ಗದ್ದಿ ಹೋದ ಮ್ಯಾಲೆ ಕೇಳಾಕ ಹೋದ್ರ, ನೀ ತಪ್ಪ ಕೇಳಿಸ್ಕೊಂಡಿ ಅಂತ ಹೊರಗ ಹಾಕಿದ. ಅವನ ತಂಗಿ ಹಿತ್ತಲಕ್ಕ ಕರದು ಅರ್ಥ ಹೇಳಿದ್ಲು, ಈ ಹಾಳಿ ಕೊಟ್ಲು. ಸೋಮವಾರ ಅವನ ಮುಂದ ಹಿಡದು, ನಿನ್ನ ಅಕ್ಷರ ನೀನ ಓದು ಅಂದೆ. ಈ ಮಾತು ನಿಮ್ಮಂಥವರ ಬಾಯಿಗಲ್ಲ ಅಂದು ಹಾಳಿ ಕಸಗೊಳ್ಳಾಕ ಕೈ ಚಾಚಿದ. ಅಲ್ಲೇ ಗ್ವಾಡಿಗೆ ಇಟ್ಟಿದ್ದ ಅಗುಳಿ ತೊಗೊಂಡು ಆ ಕೈಗೇ ಕೊಟ್ಟೆ."

ಆಕೆ ಅಳಲಿಲ್ಲ. ಅಕ್ಬರಸಾಬ ಮುಖ ತಿರುಗಿಸಿಕೊಂಡ.

ಹಾಳೆಯನ್ನು ಪಂಚರ ಮುಂದೆ ಜಪ್ತಿ ಮಾಡಲಾಯಿತು. ಹತ್ತೂಕಾಲಿಗೆ ಗುತ್ತೆವ್ವನನ್ನು ದಸ್ತಗಿರಿ ಮಾಡಿ ಗಾಡಿಯಲ್ಲಿ ಹಾನಗಲ್ಲಿಗೆ ತಂದರು. ಆಕೆಯ ಹೆಜ್ಜೆ ಅಳತೆಗೆ ಸರಿಹೋಯಿತು.

ಸಂಜೆ ಮಹಾಲಿಂಗಪ್ಪ ಆ ಹಾಳೆಯನ್ನು ವಕೀಲರ ಮುಂದಿಟ್ಟ.

"ಅಕ್ಷರ ನಿಮ್ಮದ ಹೌದಲ್ರಿ?"

ಮಧ್ವೇಶರಾಯರು ಎಡಗೈಯಿಂದ ಹಾಳೆಯನ್ನು ಅತ್ತ ಸರಿಸಿದರು. "ಇದು ಸಿವಿಲ್ ವಿಷಯ. ನಿಮ್ಮ ಖಾತೆಗೆ ಬರೂದಿಲ್ಲ."

"ತಾಲ್ಲೂಕು ಬೋರ್ಡಿನ ಚುನಾವಣಿಗೆ ನಿಂತೀರಂತ. ಆಡೂರ ಕಡೆ ಮತಾ ಎಲ್ಲಾ ಗೌಡನ ಕೈಯಾಗ ಅದಾವಂತ."

"ಹೊಡಿಸಿಕೊಂಡವ ನಾನು ಫೌಜದಾರ್ರ! ಮರೀಬ್ಯಾಡ್ರಿ."

"ಮರತಿದ್ರ ಆ ಮುದುಕಿನ್ನ ಇವತ್ತ ಹಿಡಕೊಂಡು ಬರತಿದ್ದಿಲ್ಲ," ಎಂದ ಮಹಾಲಿಂಗಪ್ಪ. ಟೋಪಿ ಹಾಕಿಕೊಂಡು ಹೊರಬಿದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಫಿರ್ಯಾದಿಯನ್ನು ಹೊಡೆಯಬೇಕೆನಿಸಿದ್ದು ಅದೇ ಮೊದಲು.

ಅಂದೇ, ತಾಯಿಯ ಹಿಂದೆ ಹಾನಗಲ್ಲಿಗೆ ಬಂದಿದ್ದ ಚೌಡಪ್ಪನಿಂದ ವಕೀಲರ ಮೇಲೆ ವಂಚನೆಯ ಫಿರ್ಯಾದಿ ಬರೆಸಿಕೊಂಡು, ವಿಮಲಾಬಾಯಿಯ ಜಬಾನಿ ಹೇಳಿಕೆಯೊಂದಿಗೆ ಧಾರವಾಡದ ಮೇಲಧಿಕಾರಿಗಳಿಗೆ ಕಳಿಸಿದ. ಮೂರು ವಾರಕ್ಕೆ ಕಾಗದ ತಿರುಗಿ ಬಂತು. ಸಿವಿಲ್ ಸ್ವರೂಪದ್ದು, ಕ್ರಮ ಬೇಡ. ಕೆಳಗೆ ಸಹಿ. ವಿಮಲಾಬಾಯಿ ಜಬಾನಿ ಕೊಟ್ಟ ಮರುದಿನವೇ ಅಣ್ಣನ ಮನೆ ಬಿಟ್ಟು ಸವಣೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಆದರೂ ಗುತ್ತೆವ್ವನ ಕೇಸಿನ ತಾರೀಖಿಗೆ ಮೋಟಾರು ಹತ್ತಿ ಬಂದು ಸಾಕ್ಷಿಕಟ್ಟೆಯಲ್ಲಿ ನಿಂತರು. ತಾವೇ ಕತ್ತರಿಸಿದ ಹಾಳೆಯನ್ನು ಗುರುತಿಸಿ, ಮೂರನೆಯ ಮಾತನ್ನೂ ಅದರ ಅರ್ಥವನ್ನೂ ಅಣ್ಣನ ಕಡೆ ನೋಡುತ್ತಲೇ ಗಟ್ಟಿಯಾಗಿ ಓದಿದರು.

ಸೆಪ್ಟೆಂಬರ್ 17. ಮ್ಯಾಜಿಸ್ಟ್ರೇಟರು ಆರೋಪಿತಳನ್ನು ಕೇಳಿದರು, "ಹೊಡೆದದ್ದು ನಿಜವೇ?"

"ನಿಜಾರಿ. ಆದ್ರ ನಂದೂ ಒಂದೀಟು ಕೇಳ್ರಿ."

"ಹೇಳು."

ಗುತ್ತೆವ್ವ ಗದ್ದೆಯ ಒಡೆತನದ ಮಾತೆತ್ತಲಿಲ್ಲ, ಗೋರಿಗಳ ಮಾತು ಹೇಳಿದಳು. ಗದ್ದೆಯ ಮೂಡಣ ಮೂಲೆಯಲ್ಲಿ ಗಂಡನ ಗೋರಿ ಇತ್ತು. ಅದರ ಮಗ್ಗುಲಿಗೆ ಮೂರು ತಿಂಗಳ ಕೂಸಿದ್ದಾಗಲೇ ಹೋದ ಮಗಳದು. ಗೌಡನ ಆಳುಗಳು ಕಲ್ಲು ಕಿತ್ತೆಸೆದು ಎರಡರ ಮೇಲೂ ನೇಗಿಲು ಹಾಯಿಸಿದ್ದರು. ಆಕೆ ಎತ್ತಿನ ಮುಂದೆ ಅಡ್ಡ ಬಿದ್ದಾಗ ಗೌಡ, ಕೋರ್ಟು ನಿನ್ನ ಮಾತು ಕೇಳಿಯೇ ಕೊಟ್ಟದ್ದು ಎಂದಿದ್ದ.

"ಯಾರು ಕೇಳಿದ್ರಿ?" ಎಂದಳು. ದನಿ ಕೋರ್ಟಿನ ಹೊರಗಿನವರೆಗೂ ಹೋಯಿತು. "ಯಾವಾಗ ಕೇಳಿದ್ರಿ? ನಾ ಎಲ್ಲಿ ನಿಂತು ಹೇಳಿದ್ದೆ?"

ಆಕೆ ಗಂಡನ ಹೆಸರು ಹೇಳಿದಳು. ಆತ ಆ ಗದ್ದೆಯ ಒಡ್ಡು ಕಟ್ಟಿದ ವರ್ಷ ಹೇಳಿದಳು. ಮಗಳಿಗೆ ಹೆಸರಿಡುವ ಮೊದಲೇ ಜ್ವರ ಬಂದದ್ದನ್ನು ಹೇಳಿದಳು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಕೇಸಿಗೆ ಸಂಬಂಧವಿಲ್ಲವೆಂದು ಕಾರಕೂನ ಲೇಖಣಿ ಕೆಳಗಿಟ್ಟ.

ಮ್ಯಾಜಿಸ್ಟ್ರೇಟರು ಅವನ ಕಡೆ ನೋಡಿದರು.

"ಬರಕೋರಿ," ಎಂದರು. "ಎಲ್ಲಾ ಬರಕೋರಿ."