ಗವಿಯೊಳಗಿನ ತೊರೆ

ಕೆಲಸ ಇಷ್ಟೇ: ಗವಿಯೊಳಗೆ ಹರಿಯುವ ತೊರೆಗೆ ಒಂದು ಬಾಟಲಿ ಹಸಿರು ಬಣ್ಣ ಸುರಿದು, ಅದು ಗುಡ್ಡದ ಯಾವ ಕಡೆ ಹೊರಬೀಳುತ್ತದೆ ಎಂದು ನೋಡುವುದು.

ಕೆಳಗಿನ ಊರಿನ ಬುಗ್ಗೆಯ ನೀರು ಕೆಟ್ಟು ಮೂರು ತಿಂಗಳಾಗಿತ್ತು. ಊರಿಗೆ ಊರೇ ದೂರದ ಹೊಳೆಯಿಂದ ಕೊಡ ಹೊರುತ್ತಿತ್ತು. ನೀರಿನ ಸಮಿತಿಯ ಅನುಮಾನವೆಲ್ಲ ಗುಡ್ಡದ ಮೇಲಿನ ಹಾಲಿನವನ ಮೇಲೆ. ಅವನ ನಲವತ್ತು ಹಸುಗಳ ಕೊಟ್ಟಿಗೆ ತೊಳೆದ ನೀರು ಒಂದು ಗುಂಡಿಗೆ ಇಳಿದು ಗವಿಯ ತೊರೆ ಸೇರುತ್ತಿತ್ತು.

"ಆ ತೊರೆ ಗುಡ್ಡದ ಆಚೆ ಹೋಗತ್ತೆ. ನಿಮ್ಮ ಕಡೆ ಬಂದ್ರೆ ಗುಂಡಿ ಮುಚ್ತೀನಿ. ಬಣ್ಣ ನಾನೇ ಸುರೀತೀನಿ, ನೋಡ್ಕೊಳ್ಳಿ" ಎಂದಿದ್ದ ಅವನು.

ಹೀಗೆ ಬೆಳಿಗ್ಗೆ ಎಂಟಕ್ಕೆ ಮೂವರು ಗವಿಯ ಬಾಯಲ್ಲಿ ನಿಂತರು: ಶಾಲೆಯ ವಿಜ್ಞಾನದ ಟೀಚರ್, ಹಾಲಿನವನು, ಅವನ ಭಾವ ಮೇಸ್ತ್ರಿ. ಮೇಸ್ತ್ರಿಯ ಹೆಂಡತಿ, ಅಂದರೆ ಹಾಲಿನವನ ಅಕ್ಕ, ಕೆಳಗೆ ಬುಗ್ಗೆಯ ಬಳಿ ಗಾಜಿನ ಲೋಟ ಹಿಡಿದು ಕಾವಲು ಕೂತಿದ್ದಳು.

"ಬಣ್ಣದಿಂದ ತೊಂದ್ರೆ ಏನಿಲ್ಲ. ಆದ್ರೆ ಮೈಗೆ ಒಂದು ಹನಿ ತಾಗಿದ್ರೂ ಬುಗ್ಗೆ ಹತ್ರ ಹೋಗೋ ಹಾಗಿಲ್ಲ, ಪರೀಕ್ಷೆ ಕೆಡತ್ತೆ. ಇರೋದೂ ಇದೊಂದೇ ಬಾಟಲಿ" ಎಂದರು ಟೀಚರ್.

ಒಳಗೆ ತಣ್ಣನೆಯ ಗಾಳಿ. ತಲೆಗೆ ಕಟ್ಟಿದ ದೀಪಗಳ ಬೆಳಕಿನಲ್ಲಿ ಸುಣ್ಣಕಲ್ಲಿನ ಗೋಡೆ ಒದ್ದೆ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಎಲ್ಲೋ ಆಳದಲ್ಲಿ ನೀರು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಹೊರಗಿನ ಜಗಳ ಅಲ್ಲಿಗೆ ತಲುಪಿರಲಿಲ್ಲ. ಮೂವರೂ ತಾವಾಗಿಯೇ ದನಿ ತಗ್ಗಿಸಿದರು.

ದಾರಿ ಕಿರಿದಾಯಿತು. ತೆವಳತೊಡಗಿದರು. ಮೇಸ್ತ್ರಿ ಸೊಂಟದ ಹತ್ತಿರ ಸಿಕ್ಕಿಕೊಂಡ.

"ಭಾವ, ಅಕ್ಕ ಬಡಿಸಿದ್ದೆಲ್ಲಾ ತಿನ್ಲೇಬೇಕು ಅಂತೇನಿಲ್ಲ."

"ಬಾಯ್ಮುಚ್ಚಿ ಎಳೆಯೋ!"

ಎಳೆದ ರಭಸಕ್ಕೆ ಮೇಸ್ತ್ರಿ ಹೊರಬಂದ. ಆಚೆ ಇಳಿಜಾರು. ಕಾಲು ಜಾರಿತು.

ಹಾಲಿನವನು ಎರಡೂ ಕೈಯಿಂದ ಅವನ ಅಂಗಿ ಹಿಡಿದ. ಅವನ ಕೈಯಲ್ಲಿದ್ದ ಬಾಟಲಿ ಬಿತ್ತು. ಉರುಳಿತು. ತೊರೆಯ ಮೇಲೆ ಚಾಚಿದ್ದ ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡು ನಿಂತಿತು. ಮುಚ್ಚಳ ಒಡೆದಿತ್ತು. ಬಣ್ಣ ಒಣ ಬಿರುಕಿಗೆ ತೊಟ್ಟಿಕ್ಕುತ್ತಿತ್ತು.

ಹೋಯ್ತು ಬಿಡಿ ಎಂದು ಹಾಲಿನವನು ಅಂದಿದ್ದರೆ ಸಾಕಿತ್ತು. ಯಾರೂ ಅವನನ್ನು ದೂರುವಂತಿರಲಿಲ್ಲ.

"ಟೀಚರ್, ಹಗ್ಗ ಕೊಡಿ" ಎಂದ ಅವನು.

ಹಗ್ಗದ ಒಂದು ತುದಿ ಸೊಂಟಕ್ಕೆ, ಇನ್ನೊಂದು ಮೇಸ್ತ್ರಿಯ ಕೈಗೆ. ಅಂಗುಲ ಅಂಗುಲ ಜರುಗಿದ. ಬಂಡೆಯ ಚೂರು ಕಳಚಿ ನೀರಿಗೆ ಬಿತ್ತು. ಹಗ್ಗ ಬಿಗಿಯಿತು. ಕೈ ಚಾಚಿದ. ಸಿಕ್ಕಿತು! ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಅಲ್ಲೇ ತೊರೆಗೆ ಬಗ್ಗಿಸಿದ. ಕಪ್ಪು ನೀರು ದೀಪದಡಿಯಲ್ಲಿ ಎಳೆ ಹುಲ್ಲಿನ ಹಾಗೆ ಹಸಿರಾಗಿ, ಕತ್ತಲೆಗೆ ನುಸುಳಿ ಮಾಯವಾಯಿತು.

"ಹತ್ತೂ ಇಪ್ಪತ್ತು" ಎಂದು ಟೀಚರ್ ಬರೆದುಕೊಂಡರು.

ಮಧ್ಯಾಹ್ನ ಬುಗ್ಗೆಯಿಂದ ಇನ್ನೂರು ಹೆಜ್ಜೆ ಮೇಲೆ, ಕಾಲುದಾರಿಯ ಕಲ್ಲುಗಳ ಮೇಲೆ ಮೂವರೂ ಕೂತಿದ್ದರು. ಹಾಲಿನವನು ಮೊಣಕೈವರೆಗೆ ಹಸಿರು. ಮೇಸ್ತ್ರಿಯ ಮಂಡಿ ಊದಿತ್ತು. ಎರಡೂವರೆಗೆ ಅಕ್ಕ ಹತ್ತಿ ಬಂದಳು.

"ಅಲ್ಲೇ ಇರೋ, ಗಿಳಿರಾಮ! ಹತ್ರ ಬರ್ಬೇಡ."

ಲೋಟವನ್ನು ದೂರದ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಬಿಸಿಲು ನೀರನ್ನು ಹಾಯ್ದು ಬಂತು. ತೆಳ್ಳಗಿನ ಹಸಿರು. ಮೂರು ತಿಂಗಳು ಕೊಡ ಹೊತ್ತವಳು ತಂದಿದ್ದ ಬುತ್ತಿ ಬಿಚ್ಚಿದಳು.

ಹಾಲಿನವನು ಬಹಳ ಹೊತ್ತು ನೋಡಿದ. "ನನ್ನ ಕೊಟ್ಟಿಗೆ ನೀರೇ ಅಕ್ಕ" ಎಂದು ಎದ್ದ.

"ಎಲ್ಲಿಗೋ? ಊಟ ಮಾಡು."

"ನಾಲ್ಕಕ್ಕೆ ಕೊಟ್ಟಿಗೆ ತೊಳೀತಾರೆ. ಅಷ್ಟರಲ್ಲಿ ಗುಂಡಿಗೆ ಕಲ್ಲು ಇಟ್ಟು ನೀರನ್ನ ಹುಲ್ಲಿನ ಹೊಲಕ್ಕೆ ತಿರುಗಿಸ್ಬೇಕು."

"ನೀನು ಕಟ್ಟಿದ ಒಡ್ಡು ಹಸು ಬಾಲ ಬೀಸಿದ್ರೆ ಬೀಳತ್ತೆ. ಇರು, ಬಂದೆ" ಎಂದು ಮೇಸ್ತ್ರಿ ಕುಂಟುತ್ತ ಹಿಂದೆಯೇ ಹೊರಟ. ಟೀಚರ್ ಹಗ್ಗ ಸುತ್ತಿಕೊಂಡು ನಕ್ಕರು.

ಆ ಸಂಜೆ ಕೊಟ್ಟಿಗೆಯ ನೀರು ಗುಂಡಿಯ ಬಾಯಿಗೆ ಬಂದು, ಕಲ್ಲಿಗೆ ಮುಟ್ಟಿ, ತುಸು ತಡೆದು, ಹೊಲದ ಕಡೆ ಹೊರಳಿತು.